ಯಂತ್ರ ಯಾರ ಮನೆಗೆ ಹೋಯಿತು

ನಾನು ಹೆಣ್ಣು ನೋಡಲು ಹೋದ ದಿನ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ನನ್ನ ಶರ್ಟು ನನ್ನನ್ನು ಬಿಟ್ಟು ಹೋಯಿತು. ತಪ್ಪು ನನ್ನದೇ. ಶರ್ಟು ಗೆಳೆಯ ವಾಗೀಶನದು, ಬೆಳಿಗ್ಗೆ ಇಸ್ಕೊಂಡು ಬಂದಿದ್ದೆ. ನಾಲ್ಕಕ್ಕೆ ಹೋಗಿ ಐದಕ್ಕೆ ಎದ್ದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹುಡುಗಿಯ ತಂದೆ "ತಾವು ಏನು ಕೆಲಸ ಮಾಡೋದು?" ಅಂತ ಕೇಳಿಬಿಟ್ಟರು. ಸ್ಟಾರ್ಟಪ್ ಇಟ್ಟುಕೊಂಡವನಿಗೆ ಆ ಪ್ರಶ್ನೆ ಕೇಳಬಾರದು. ನಾನು ಜಗತ್ತಿನ ಮಾರುಕಟ್ಟೆಯಿಂದ ಶುರು ಮಾಡಿ, ನಮ್ಮ ಕಂಪನಿಯ ಮುಂದಿನ ಐದು ವರ್ಷದ ಯೋಜನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಗುಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು, ತೋಳುಗಳು ಜಾರಿದವು, ಶರ್ಟು ನೆಲಕ್ಕಿಳಿದು ಬಾಗಿಲ ಕಡೆ ತೆವಳಿಕೊಂಡು ಹೋಯಿತು. ನಾನು ಬನಿಯನ್ನಿನಲ್ಲಿ ಕೂತು ಉಳಿದ ಉಪ್ಪಿಟ್ಟು ತಿಂದು ಮುಗಿಸಿದೆ. ಹುಡುಗಿಯ ಮನೆಯವರು ಒಳ್ಳೆಯ ಜನ, ಯಾರೂ ನಗಲಿಲ್ಲ. ಹುಡುಗಿ ಮಾತ್ರ ಒಳಗೆ ಹೋಗಿ ನಕ್ಕಳು. ಅದು ಹೊರಗೆ ಕೇಳಿಸಿತು.

ನಮ್ಮೂರು ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಎರವಲು ತಂದದ್ದು ಯಾವುದೂ ಹೊತ್ತು ಮುಳುಗಿದ ಮೇಲೆ ನಿಲ್ಲುವುದಿಲ್ಲ, ತನ್ನ ಒಡೆಯರ ಮನೆಗೆ ತಾನೇ ಹೋಗುತ್ತದೆ. ಉರುಳುವುದು ಉರುಳುತ್ತದೆ, ಉರುಳಲಾರದ್ದು ತೆವಳುತ್ತದೆ. "ಕೊಟ್ಟೆ, ಇಟ್ಕೋ" ಎಂದು ಒಡೆಯರು ಬಾಯಿಬಿಟ್ಟು ಹೇಳಿದ್ದು ಮಾತ್ರ ಉಳಿಯುತ್ತದೆ. ಹಾಗಾಗಿ ಸಂಜೆ ಆರರಿಂದ ಆರೂವರೆಯವರೆಗೆ ಬಸ್ಸುಗಳು ಎಲ್ಲಿದ್ದವೋ ಅಲ್ಲೇ ನಿಂತಿರುತ್ತವೆ. ಪೊಲೀಸಿನವನು ಕೈ ಅಡ್ಡ ಹಿಡಿದು ಇಡ್ಲಿ ಪಾತ್ರೆ, ಕೊಡೆ, ಏಣಿ, ಹೊಲಿಗೆ ಮಿಷನ್ನುಗಳನ್ನು ರಸ್ತೆ ದಾಟಿಸುತ್ತಾನೆ. ಲೈಬ್ರರಿ ಪುಸ್ತಕಗಳು ಗುಂಪಾಗಿ ಹೋಗುತ್ತವೆ; ನಮ್ಮೂರಿನವರಿಗೆ ಕಾದಂಬರಿಗಳ ಮೊದಲರ್ಧ ಬಹಳ ಚೆನ್ನಾಗಿ ಗೊತ್ತು. ಏನನ್ನಾದರೂ ಕೊಂಡರೆ, ಒಡಂಬಡಿಕೆ ಮಾಡಿಕೊಂಡರೆ, ಎರಡೂ ಕಡೆಯವರು ಆ ವಸ್ತುವನ್ನು ನಡುವೆ ಇಟ್ಟುಕೊಂಡು ಸೂರ್ಯ ಮುಳುಗುವ ತನಕ ಕೂರುತ್ತಾರೆ. ಇದಕ್ಕೆ ಹೊತ್ತು ಕಾಯುವುದು ಅನ್ನುತ್ತಾರೆ. ವಸ್ತು ಕದಲದಿದ್ದರೆ ಚಹಾ ಕುಡಿದು ಏಳುತ್ತಾರೆ, ಕದಲಿದರೆ ಅದರ ಹಿಂದೆ ಹೋಗುತ್ತಾರೆ.

ನಮ್ಮ ಮನೆಯಿಂದ ವಸ್ತುಗಳು ಹೋಗುತ್ತಿದ್ದವೇ ಹೊರತು ಯಾವತ್ತೂ ಬಂದದ್ದಿಲ್ಲ. ಬೇರೆಯವರು ಬಂದು ಇಸ್ಕೊಂಡು ಹೋಗುವಂಥದ್ದು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅಪ್ಪ ಇದ್ದ ಕಾಲದಿಂದಲೂ ಅಮ್ಮ ಆರು ಗಂಟೆಗೆ ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲುತ್ತಿದ್ದಳು. ಪಕ್ಕದ ಮನೆಯ ಪಾತ್ರೆ, ಎದುರು ಮನೆಯ ಒನಕೆ ಹೊಸ್ತಿಲು ದಾಟಿ ಹೋದ ಮೇಲೆ ಬಾಗಿಲು ಹಾಕಿ, "ಒಂದು ದಿನಾನಾದ್ರೂ ನಮ್ಮನೆಗೆ ಏನಾದ್ರೂ ವಾಪಸ್ ಬರೋದನ್ನ ನೋಡ್ಬೇಕು ಕಣೋ ತಿಪ್ಪೇಶ" ಅನ್ನುತ್ತಿದ್ದಳು. "ಕಂಪನಿ ಒಂದು ದಡ ಸೇರ್ಲಿ ಇರಮ್ಮ, ಊರಿಗೆ ಊರೇ ನಮ್ಮನೆ ಸಾಮಾನು ಇಸ್ಕೊಂಡು ಹೋಗುತ್ತೆ" ಅಂತ ನಾನು ಭರವಸೆ ಕೊಡುತ್ತಿದ್ದೆ. ಭರವಸೆ ಕೊಡುವುದರಲ್ಲಿ ನನ್ನನ್ನು ಮೀರಿಸಿದವರು ಊರಲ್ಲಿ ಯಾರೂ ಇರಲಿಲ್ಲ.

ಕಂಪನಿಯ ಹೆಸರು ಧಾನ್ಯಧ್ವನಿ ಟೆಕ್ನಾಲಜೀಸ್. ನಾನು ಸ್ಥಾಪಕ ಮತ್ತು ಮುಖ್ಯಸ್ಥ ಅಂತ ಕಾರ್ಡು ಮಾಡಿಸಿಕೊಂಡಿದ್ದೆ. ವಾಗೀಶ ಎರಡನೆಯವನು, ಅವನು ಯಂತ್ರ ಮಾಡುತ್ತಿದ್ದ, ನಾನು ಆ ಯಂತ್ರದ ಬಗ್ಗೆ ಮಾತಾಡುತ್ತಿದ್ದೆ. ನಮ್ಮೂರು ಮಂಡಕ್ಕಿಯ ಊರು. ಉಪ್ಪುನೀರು ಉಣಿಸಿದ ಅಕ್ಕಿಯನ್ನು ಸರಿಯಾದ ಹದಕ್ಕೆ ಒಣಗಿಸಿ ಕಾದ ಮರಳಿಗೆ ಹಾಕಿದರೆ ಮಲ್ಲಿಗೆಯಂಥ ಮಂಡಕ್ಕಿ ಬರುತ್ತದೆ. ಹದ ತಪ್ಪಿದರೆ ಅರ್ಧ ಅರಳಿ ಅರ್ಧ ಕಲ್ಲಾಗಿ, ಹಲ್ಲಿಗೆ ಕುತ್ತು ತರುತ್ತದೆ. ನಮ್ಮ ಯಂತ್ರ ಒಂದು ಹಿಡಿ ಅಕ್ಕಿಯನ್ನು ತಗಡಿನ ಮೇಲೆ ಸುರಿದು, ಆ ಸದ್ದನ್ನು ಕೇಳಿಸಿಕೊಂಡು ಹದ ಹೇಳುತ್ತಿತ್ತು. ಹದವಾಗಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಈ ಉಪಾಯ ನನಗೆ ಸ್ನಾನ ಮಾಡುವಾಗ, ತಗಡಿನ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿ ಹೊಳೆದದ್ದು ಅಂತ ನಾನು ಎಲ್ಲ ಕಡೆ ಹೇಳುತ್ತಿದ್ದೆ. ಹೇಳಿ ಹೇಳಿ ಕೊನೆಗೆ ಬಕೆಟ್ಟು ಯಾವ ಬಣ್ಣದ್ದು ಅಂತಲೂ ಹೇಳತೊಡಗಿದೆ.

"ನಿಮ್ಮನೇಲಿರೋದು ಪ್ಲಾಸ್ಟಿಕ್ ಬಕೆಟ್ ಅಲ್ವೇನೋ" ಅಂತ ವಾಗೀಶ ಒಮ್ಮೆ ಕೇಳಿದ. ಆಗ ಇದ್ದದ್ದು ಬೇರೆ, ಅಂದೆ. ಅವನು ಮತ್ತೆ ಸೋಲ್ಡರಿಂಗ್ ಕಡೆ ತಿರುಗಿಕೊಂಡ.

ಗುಡ್ಡದ ಮೇಲೆ ಧಾನ್ಯ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ನಿರ್ದೇಶಕಿ ಡಾಕ್ಟರ್ ಅನಸೂಯಾ ಮೇಡಂ ನಮಗೆ ಒಂದು ಶೆಡ್ಡು ಕೊಟ್ಟಿದ್ದರು. ಸ್ಟಾರ್ಟಪ್‌ಗಳು, ಕೈಗಾರಿಕೆ, ಸಂಶೋಧನೆ, ಮೂರೂ ಕೈ ಜೋಡಿಸಬೇಕು ಅನ್ನುವುದು ಮೇಡಂ ಎಲ್ಲ ಸಭೆಗಳಲ್ಲೂ ಹೇಳುವ ಮಾತು. ಮೂರು ಕೈ ಜೋಡಿಸಿದರೆ ಹೇಗೆ ಕಾಣುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ಶೆಡ್ಡಿನ ಜೊತೆ ಮೈಕು, ತಕ್ಕಡಿ, ಮಾಪಕಗಳನ್ನೂ ಎರವಲು ಕೊಟ್ಟಿದ್ದರು. ಮಂಡಕ್ಕಿ ಕಾರ್ಖಾನೆಯ ಸಾಹುಕಾರರು ಕೊಟ್ರೇಶಪ್ಪ. ಅವರಿಂದ ಒಂದು ಮೋಟಾರು, ಒಂದು ತಗಡು ತಂದಿದ್ದೆವು. ಬ್ಯಾಟರಿ ವಾಗೀಶನ ಅಣ್ಣನ ಸ್ಕೂಟರಿನದು. ಹಾಗಾಗಿ ದಿನಾ ಆರು ಗಂಟೆಗೆ ನಮ್ಮ ಯಂತ್ರ ಮೇಜಿನ ಮೇಲೇ ಕಳಚಿಕೊಳ್ಳುತ್ತಿತ್ತು. ಮೈಕು ಸಂಸ್ಥೆಯ ಕಪಾಟಿನ ಕಡೆ, ಮೋಟಾರು ಕಾರ್ಖಾನೆ ಕಡೆ, ಬ್ಯಾಟರಿ ವಾಗೀಶನ ಮನೆ ಕಡೆ. ಕೊನೆಗೆ ಮೇಜಿನ ಮೇಲೆ ಉಳಿಯುತ್ತಿದ್ದದ್ದು ಎರಡು ಸ್ಕ್ರೂ ಮತ್ತು ನನ್ನ ಕಾರ್ಡುಗಳು. ಬೆಳಿಗ್ಗೆ ಮೂರು ಕಡೆ ಹೋಗಿ ಕೈಮುಗಿದು ಎಲ್ಲ ತಂದು ಜೋಡಿಸುವಷ್ಟರಲ್ಲಿ ಮಧ್ಯಾಹ್ನ. ನಾಲ್ಕು ಗಂಟೆ ಯಂತ್ರ ಇರುತ್ತಿತ್ತು. ಅದರಲ್ಲಿ ಎರಡು ಗಂಟೆ ನಾನು ಬಂದವರಿಗೆ ವಿವರಿಸುತ್ತಿದ್ದೆ.

ಮೂರು ವರ್ಷ ಹೀಗೇ ಕಳೆಯಿತು. ಆಮೇಲೆ ಮೇಡಂ ಕರೆಸಿದರು. "ತಿಪ್ಪೇಶ್, ಮಾರ್ಚ್ ಮೂವತ್ತೊಂದರ ಒಳಗೆ ಒಂದು ಕಾರ್ಖಾನೆ ಜೊತೆ ಒಡಂಬಡಿಕೆ ಆಗ್ಬೇಕು. ಇಲ್ಲದಿದ್ರೆ ಶೆಡ್ಡು ಬೇರೆಯವರಿಗೆ. ಜೇನಿನ ಸ್ಟಾರ್ಟಪ್‌ನವರು ಕಾಯ್ತಾ ಇದಾರೆ." ಶೆಡ್ಡು ಹೋದರೆ ನಾನು ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿಯಬೇಕಿತ್ತು. ಮಾವ ಅದಕ್ಕಾಗಿ ಒಂದು ಸ್ಟೂಲು ತಂದಿಟ್ಟು ಎರಡು ವರ್ಷವಾಗಿತ್ತು. ಹಬ್ಬಕ್ಕೆ ಬಂದಾಗಲೆಲ್ಲ "ಸ್ಟೂಲು ಖಾಲಿನೇ ಐತಪ್ಪ" ಅಂತ ನೆನಪು ಮಾಡಿ ಹೋಗುತ್ತಿದ್ದರು.

ಕೊಟ್ರೇಶಪ್ಪನವರ ಹತ್ತಿರ ಹೋದೆ. ಅವರು ನನ್ನ ಮಾತನ್ನು ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಬಂದಿದೆ ಅಂತ ನಾನು ದನಿ ಏರಿಸಿದಾಗ, "ಕೇಳ್ತಾ ಇದೀನಿ, ಕೂಗಬ್ಯಾಡ್ರಿ" ಅಂದರು. ಆಮೇಲೆ, "ನೋಡ್ರಿ ತಿಪ್ಪೇಶ್, ನನ್ನ ಕಾರ್ಖಾನ್ಯಾಗೆ ಇಪ್ಪತ್ತೆರಡು ವರ್ಷದಿಂದ ಹದ ನೋಡೋದು ಕರಿಬಸಮ್ಮ. ಒಂದು ಹಿಡಿ ಅಕ್ಕಿ ಕಿವಿ ಹತ್ರ ತಗಡಿನ ಮೇಲೆ ಬಿಡ್ತಾಳೆ, ಹೇಳ್ತಾಳೆ, ಮುಗೀತು. ನಿಮ್ಮ ಡಬ್ಬಿ ಅವಳಿಗಿಂತ ಚಲೋ ಹೇಳಿದ್ರೆ ತಗೊಂತೀನಿ. ನಾಳೆ ಇಬ್ಬರಿಗೂ ಒಂದೇ ಅಕ್ಕಿ ಕೊಡ್ತೀನಿ, ಬರ್ರಿ" ಅಂದರು.

ಕರಿಬಸಮ್ಮನ ಹೆಸರು ಕೇಳಿದ ಕೂಡಲೇ ಅವರ ಮುಂದಿಟ್ಟಿದ್ದ ಕಾರ್ಡನ್ನು ನಾನು ವಾಪಸ್ ಜೇಬಿಗೆ ಹಾಕಿಕೊಂಡೆ. ಕಾರ್ಡು ಮುಗಿಯುತ್ತಾ ಬಂದಿವೆ ಅಂತ ನನಗೆ ನಾನೇ ಹೇಳಿಕೊಂಡೆ.

ಮರುದಿನ ಕಾರ್ಖಾನೆಯಲ್ಲಿ ಭಟ್ಟಿಗಳ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಐವತ್ತು ದಾಟಿದ ಕರಿಬಸಮ್ಮ ತಲೆಗೆ ಸೆರಗು ಕಟ್ಟಿಕೊಂಡು ಅಕ್ಕಿ ರಾಶಿಯ ಪಕ್ಕ ನಿಂತಿದ್ದರು. ಸಾಹುಕಾರರು ಎರಡು ಸಲ ಕರೆದ ಮೇಲೆ ತಿರುಗಿದರು. ನನ್ನನ್ನು ನೋಡಿ ಗುರುತು ಸಿಕ್ಕವರಂತೆ ನಕ್ಕರು. ನಾನು ಯಂತ್ರದ ವೈರು ಸರಿಮಾಡುವವನ ಹಾಗೆ ಬಗ್ಗಿದೆ. ಆ ವೈರು ಸರಿಯಾಗಿಯೇ ಇತ್ತು. ಕರಿಬಸಮ್ಮ ಒಂದು ಹಿಡಿ ಅಕ್ಕಿ ತೆಗೆದು ತಗಡಿನ ಮೇಲೆ ಬಿಟ್ಟರು. ಮತ್ತೊಮ್ಮೆ ಬಿಟ್ಟರು. ಮೂರನೆಯ ಸಲ ಎಡಗಿವಿ ತಂದು ಕೇಳಿ, "ಆಗೈತ್ರಿ ಸಾವ್ಕಾರ್ರೆ, ಹಾಕ್ಬಹುದು" ಅಂದರು. ನಮ್ಮ ಯಂತ್ರಕ್ಕೆ ಅದೇ ಅಕ್ಕಿ ಸುರಿದೆವು. ಕೆಂಪು ದೀಪ ಹತ್ತಿತು. ಕೊಟ್ರೇಶಪ್ಪ ನನ್ನ ಕಡೆ ಕನಿಕರದಿಂದ ನೋಡಿ ಅಕ್ಕಿಯನ್ನು ಮರಳಿಗೆ ಹಾಕಿಸಿದರು.

ಬಂದದ್ದು ಅರ್ಧ ಮಂಡಕ್ಕಿ, ಅರ್ಧ ಕಲ್ಲು. ಸಾಹುಕಾರರು ಒಂದು ಬಾಯಿಗೆ ಹಾಕಿಕೊಂಡು ಕಟಕ್ ಅನ್ನಿಸಿ ಉಗಿದರು. ಹಸಿ ಅಕ್ಕಿಗೆ ಕರಿಬಸಮ್ಮ ಹದ ಅಂದಿದ್ದರು, ಯಂತ್ರ ಸರಿ ಹೇಳಿತ್ತು. ನಾನು ವಾಗೀಶನನ್ನು ತಬ್ಬಿಕೊಂಡೆ. ಈಗ ಹೇಳಲು ನಾಚಿಕೆಯಾಗುತ್ತದೆ, ಕುಣಿದೆ ಕೂಡ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಪ್ಪಿದ ಹೆಂಗಸಿನ ಎದುರು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಕುಣಿದೆ. ಕರಿಬಸಮ್ಮ ತಗಡಿನ ಮೇಲಿದ್ದ ಅಕ್ಕಿಯನ್ನು ಬೆರಳಲ್ಲಿ ಹೊರಳಿಸುತ್ತಾ ನಿಂತಿದ್ದರು. "ಒಂದನೇ ತಾರೀಖಿನಿಂದ ನೀನು ಪ್ಯಾಕಿಂಗ್ ಕಡೆ ಹೋಗವ್ವ, ಕೂತು ಮಾಡೋ ಕೆಲಸ, ನಿನಗೂ ಆರಾಮು" ಅಂತ ಸಾಹುಕಾರರು ಹೇಳಿದರು. ಅವರು ತಲೆಯಾಡಿಸಿದರು. ಹದ ನೋಡುವವರಿಗೆ ಕಾರ್ಖಾನೆಯಲ್ಲಿ ಒಂದು ಮಣೆ ಇರುತ್ತದೆ, ಅದರ ಮೇಲೆ ಬೇರೆ ಯಾರೂ ಕೂರುವುದಿಲ್ಲ. ಆ ಮಣೆಯನ್ನು ಅವರೇ ಎತ್ತಿ ಗೋಡೆಗೆ ಒರಗಿಸಿ ಹೋದರು.

ಇನ್ನು ಒಡಂಬಡಿಕೆ. ಕಾಗದಕ್ಕೆ ಸಹಿ ಹಾಕುವುದು ಸುಲಭ, ಆದರೆ ಯಂತ್ರ ಕಂಪನಿಯದು ಅನ್ನಿಸಿಕೊಳ್ಳಬೇಕಾದರೆ ಅದರ ಒಂದೊಂದು ಭಾಗಕ್ಕೂ ಒಡೆಯರು "ಕೊಟ್ಟೆ" ಅನ್ನಬೇಕಿತ್ತು. ಸಂಸ್ಥೆಯಲ್ಲಿ ಆ ಒಂದು ಮಾತು ಹೇಳಲು ಮೂರು ಸಮಿತಿಗಳು ಕೂತವು. ಮೊದಲನೆಯದು ಮೈಕು ಕೊಡಬಹುದೇ ಅಂತ ನೋಡಿತು, ಎರಡನೆಯದು ಯಾರು ಕೊಡಬಹುದು ಅಂತ ನೋಡಿತು, ಮೂರನೆಯದು "ಕೊಟ್ಟೆ" ಅನ್ನಬೇಕೋ "ಕೊಡಲಾಗಿದೆ" ಅನ್ನಬೇಕೋ ಅಂತ ಚರ್ಚಿಸಿ ಊಟ ಮಾಡಿ ಎದ್ದಿತು. ಕೊಟ್ರೇಶಪ್ಪನವರದ್ದು ಬೇರೆ ಕಷ್ಟ. ಅವರಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. "ಕೊ... ಕೊ..." ಅಂದು ಕೆಮ್ಮು ಬಂದು ನಿಲ್ಲಿಸಿಬಿಡುತ್ತಿದ್ದರು. ಮನೆಯಲ್ಲಿ ಹೆಂಡತಿಯ ಎದುರು ವಾರವಿಡೀ ಅಭ್ಯಾಸ ಮಾಡಿದರಂತೆ. ಆ ವಾರದಲ್ಲಿ ಆಯಮ್ಮನಿಗೆ ಎರಡು ಸೀರೆ ಬಂದವು ಅಂತ ಊರೆಲ್ಲ ಮಾತಾಡಿಕೊಂಡಿತು.

ಮಾರ್ಚ್ ಮೂವತ್ತೊಂದರ ಸಂಜೆ ಐದಕ್ಕೆ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿದ್ದರು. ನನ್ನ ಅಮ್ಮ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಎದುರು ಮನೆಯವರು ಆ ಸೀರೆಯನ್ನು ಅವಳಿಗೆ ಕೊಟ್ಟೇಬಿಟ್ಟಿದ್ದರು, ನನ್ನ ಶರ್ಟಿನ ಕಥೆ ಅವರಿಗೆ ಗೊತ್ತಿತ್ತು. ಸೋದರಮಾವ ಸ್ಟೂಲು ಬೇರೆ ಯಾರಿಗಾದರೂ ಕೊಡುವ ಯೋಚನೆಯಲ್ಲಿದ್ದವರ ಹಾಗೆ ಮುಖ ಮಾಡಿಕೊಂಡು ಬಂದಿದ್ದರು. ಮೇಡಂ ಎದ್ದು ನಿಂತು "ಸಂಸ್ಥೆಯ ಪರವಾಗಿ ಕೊಟ್ಟೆ" ಅಂದರು. ಕೊಟ್ರೇಶಪ್ಪ ಕಣ್ಣು ಮುಚ್ಚಿ, ಪಂಚೆಯ ಅಂಚು ಹಿಡಿದು, "ಕೊಟ್ಟೆ" ಅಂದು ತಕ್ಷಣ ನೀರು ಕುಡಿದರು. ವಾಗೀಶನ ಅಣ್ಣನೂ ಅಂದ. ಮೇಡಂ, ಸಾಹುಕಾರರು, ನಾನು, ಮೂವರೂ ಸಹಿ ಹಾಕಿದೆವು. ಯಂತ್ರಕ್ಕೆ ಒಂದು ಸೇವಂತಿಗೆ ಹಾರ ಹಾಕಿ ಮೇಜಿನ ಮೇಲಿಟ್ಟು ಹೊತ್ತು ಕಾಯುತ್ತಾ ಕೂತೆವು. ಕಾಯುವ ಹೊತ್ತಿಗೆ ನನಗೆ ನಾಲ್ಕು ಮಾತಾಡಲು ಹೇಳಿದರು. ನಾನು ಬಕೆಟ್ಟಿನ ಕಥೆ ಹೇಳಿದೆ.

ಸೂರ್ಯ ಮುಳುಗಿದ. ಯಂತ್ರ ಕಳಚಿಕೊಳ್ಳಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಮೈಕು ಮೈಕಿನ ಜಾಗದಲ್ಲಿತ್ತು, ಮೋಟಾರು ಮೋಟಾರಿನ ಜಾಗದಲ್ಲಿತ್ತು. ಜನ ಚಪ್ಪಾಳೆ ತಟ್ಟಿದರು. ಚಹಾದ ಲೋಟಗಳು ಬಂದವು. ನಾನು ಲೋಟಕ್ಕೆ ಕೈ ಚಾಚಿದಾಗ ಯಂತ್ರ ಹಾರದ ಸಮೇತ ಮೇಜಿನಿಂದ ಕೆಳಗಿಳಿದು, ಶಾಮಿಯಾನದ ಹಗ್ಗ ತಪ್ಪಿಸಿಕೊಂಡು ಗೇಟಿನ ಕಡೆ ಹೊರಟಿತು.

ಎಲ್ಲರೂ ಎದ್ದೆವು. ಗೇಟಿನ ಪಕ್ಕವೇ ಕೊಟ್ರೇಶಪ್ಪನವರ ಮನೆ. "ಬಂತು ನೋಡ್ರಿ, ನನ್ನ ಬಾಯಿ ಕೊಟ್ಟೆ ಅಂದ್ರೂ ಮನಸ್ಸು ಅಂದಿರ್ಲಿಲ್ಲ, ನಾನೇನ್ ಮಾಡ್ಲಿ" ಅಂತ ಅವರು ಆನಂದದಿಂದ ಬಾಗಿಲು ತೆಗೆಯಲು ಓಡಿದರು. ಯಂತ್ರ ಅವರ ಮನೆ ದಾಟಿ ಹೋಯಿತು. ಮುಂದೆ ಗುಡ್ಡದ ರಸ್ತೆಯ ಕವಲು. "ಧ್ವನಿಯಿಂದ ತೇವಾಂಶ ಅಳೆಯೋ ಬಗ್ಗೆ ನಮ್ಮಲ್ಲಿ ಹಿಂದೆ ಒಂದು ಪ್ರಬಂಧ ಆಗಿತ್ತು, ನನಗೆ ಆಗಲೇ ಅನುಮಾನ ಇತ್ತು" ಅಂತ ಮೇಡಂ ಹೇಳುತ್ತಿರುವಾಗ ಅದು ಕವಲನ್ನೂ ಬಿಟ್ಟು ಪೇಟೆಯ ಕಡೆ ತಿರುಗಿತು. ಪೊಲೀಸಿನವನು ಹಾರ ನೋಡಿ ದೊಡ್ಡವರ ವಸ್ತು ಅಂದುಕೊಂಡು, ಬೇರೆ ಪಾತ್ರೆಗಳನ್ನೆಲ್ಲ ನಿಲ್ಲಿಸಿ ಅದಕ್ಕೆ ಮೊದಲು ದಾರಿ ಬಿಟ್ಟ. ಅದು ನಮ್ಮ ಬೀದಿಗೆ ಬಂತು. ಅಮ್ಮ ಸೀರೆ ಎತ್ತಿ ಹಿಡಿದು ನಮಗಿಂತ ಮುಂದೆ ಓಡಿ, ಬೀಗ ತೆಗೆದು ಬಾಗಿಲು ಅಗಲ ಮಾಡಿ ನಿಂತಳು. ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಂತ್ರ ನಮ್ಮ ಹೊಸ್ತಿಲ ಎದುರು ಸ್ವಲ್ಪವೂ ನಿಲ್ಲದೆ ಮುಂದೆ ಹೋಯಿತು.

ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ನಿಜ ಹೇಳಬೇಕೆಂದರೆ ಅದು ಮೇಜಿನಿಂದ ಇಳಿದಾಗಲೇ ಗೊತ್ತಾಗಿತ್ತು. ಹಾಗಿದ್ದೂ ಓಡಿಹೋಗಿ ಅದನ್ನು ಹಿಡಿದುಕೊಳ್ಳಲು ನೋಡಿದೆ. ಅದು ನನ್ನನ್ನು ಹತ್ತು ಮಾರು ನೆಲದ ಮೇಲೆ ಎಳೆದುಕೊಂಡು ಹೋಯಿತು. ಸ್ಥಾಪಕ ಮತ್ತು ಮುಖ್ಯಸ್ಥನ ಪ್ಯಾಂಟಿನ ಮೊಣಕಾಲು ಎರಡೂ ಹರಿದವು, ಕೈ ಬಿಟ್ಟೆ. ಹಿಂದಿನಿಂದ ಬಂದ ವಾಗೀಶ ನನ್ನನ್ನು ಎಬ್ಬಿಸಿ, "ಬಕೆಟ್ಟು ಪ್ಲಾಸ್ಟಿಕ್ಕಿಂದೇ, ಅಲ್ವಾ?" ಅಂತ ಮೆಲ್ಲಗೆ ಕೇಳಿದ.

ಕರಿಬಸಮ್ಮ ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದರು. ಯಂತ್ರ ಬಂದು ಅವರ ಕಾಲ ಹತ್ತಿರ ನಿಂತಿತು. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅದನ್ನು ನೋಡಿದರು, ಹಿಂದೆ ನಿಂತ ನೂರು ಜನರನ್ನು ನೋಡಿದರು. "ಇದು ನಂದಲ್ರಿ. ದಾರಿ ತಪ್ಪಿ ಬಂದೈತೆ" ಅಂದರು.

ನಮ್ಮೂರಲ್ಲಿ ವಸ್ತುಗಳು ದಾರಿ ತಪ್ಪಿದ್ದಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹರಿದ ಮೊಣಕಾಲಿನ ಧೂಳು ಕೊಡವಿಕೊಂಡೆ. ಕೊನೆಗೆ ಮೇಡಂ, "ತಿಪ್ಪೇಶ್, ಇವರು ನಿಮಗೆ ಏನಾದರೂ ಹೇಳಿಕೊಟ್ಟಿದ್ರಾ?" ಅಂತ ನೇರವಾಗಿ ಕೇಳಿದರು.

ಹೇಳಿಕೊಟ್ಟಿದ್ದರು. ಕಾಲೇಜು ಮುಗಿದ ವರ್ಷ ನಾನು ಮಾಡಲು ಕೆಲಸವಿಲ್ಲದೆ ಭಟ್ಟಿಯ ಬಾಗಿಲಲ್ಲಿ ಬಿಸಿ ಮಂಡಕ್ಕಿ ತಿನ್ನುತ್ತಾ ನಿಂತಿದ್ದೆ. ಕಿವಿ ಹತ್ತಿರ ಅಕ್ಕಿ ಹಿಡಿದು ಏನು ಮಾಡ್ತೀರಿ ಅಂತ ಕೇಳಿದೆ. ಬೇರೆ ಯಾರಾದರೂ ಆಗಿದ್ದರೆ ಹೋಗಯ್ಯ ಅನ್ನುತ್ತಿದ್ದರು. ಕರಿಬಸಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಹಸಿ ಅಕ್ಕಿ ಒಂದು ಹಿಡಿ, ಹದದ ಅಕ್ಕಿ ಒಂದು ಹಿಡಿ, ಹತ್ತು ಸಲ ತಗಡಿನ ಮೇಲೆ ಬಿಟ್ಟು ಕೇಳಿಸಿದರು. "ಹಸಿ ಇದ್ರೆ ಗೊಣಗ್ತೈತೆ, ಹದ ಆಗಿದ್ರೆ ಬಾಯಿಬಿಟ್ಟು ಮಾತಾಡ್ತೈತೆ. ಮಿಷನ್ನಿಗೂ ಇದು ಕೇಳ್ಸುತ್ತೇನೋ ನೋಡಪ್ಪ, ಓದಿದೋನು ನೀನು" ಅಂದಿದ್ದರು. ನಾನು ಅಷ್ಟನ್ನೂ ಮಂಡಕ್ಕಿಯ ಪೊಟ್ಟಣದ ಮೇಲೆ ಬರೆದುಕೊಂಡೆ. ಆ ಪೊಟ್ಟಣ ಅವತ್ತು ಸಂಜೆ ನನ್ನ ಹತ್ತಿರವೇ ಉಳಿಯಿತು, ಕೊಂಡದ್ದಲ್ಲವೇ. ಮಾತಿಗೆ ಕಾಲಿಲ್ಲ ಅಂತ ನಾನು ಅಂದುಕೊಂಡೆ.

ಇದನ್ನು ಅಷ್ಟು ಜನರ ಎದುರು ಹರಿದ ಪ್ಯಾಂಟಿನಲ್ಲಿ ನಿಂತು ಹೇಳಿದೆ. ಸೋದರಮಾವ ಕೆಮ್ಮಿದರು. ಅಮ್ಮ ಎತ್ತಿ ಹಿಡಿದಿದ್ದ ಸೀರೆಯನ್ನು ಕೆಳಗೆ ಬಿಟ್ಟಳು.

ಮೇಡಂ ವಿಜ್ಞಾನಿಯಲ್ಲವೇ, ಅನುಮಾನ ಬಿಡಲಿಲ್ಲ. "ಕಲಿಸಿದ್ದು ಅಂದ್ರೆ ಕೊಟ್ಟ ಹಾಗೇ ಅಲ್ವಾ? ನಾವು ದಿನಾ ಪಾಠ ಮಾಡ್ತೀವಿ, ಯಾವುದೂ ವಾಪಸ್ ಬರಲ್ಲ."

"ಕಲಿಸಿದ್ದು ಹೌದವ್ವ" ಅಂದರು ಕರಿಬಸಮ್ಮ. "ಏನಾತು ಅಂತ ಬಂದು ಹೇಳು ಅಂದಿದ್ದೆ. ಈ ಪುಣ್ಯಾತ್ಮ ಬರ್ಲೇ ಇಲ್ಲ." ಅದರಲ್ಲಿ ಸಿಟ್ಟಿರಲಿಲ್ಲ. ಬರುತ್ತಾನೆ ಅಂತ ಸ್ವಲ್ಪ ದಿನ ಕಾದವರ ಬೇಸರ ಇತ್ತು. ಅದು ಸಿಟ್ಟೇ ಆಗಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸಿತು.

ಕೊಟ್ರೇಶಪ್ಪ ವ್ಯವಹಾರಸ್ಥರು. ಮುಂದೆ ಬಂದು, "ಆದದ್ದಾತು. ಕರಿಬಸವ್ವ, ನೀನು ಒಂದು ಮಾತು ಕೊಟ್ಟೆ ಅಂದುಬಿಡು. ಎಲ್ಲಾರಿಗೂ ಒಳ್ಳೇದಾಗ್ತೈತೆ. ಅಂಥ ಕಷ್ಟದ ಮಾತೇನಲ್ಲ ಅದು, ನಾನೇ ಅಂದೀನಿ" ಅಂದರು. ಮೇಡಂ ಕೂಡ ಗಡಿಯಾರ ನೋಡಿಕೊಂಡು, "ಇವತ್ತೇ ಮೂವತ್ತೊಂದು" ಅಂದರು. ಜನ ಕಾದರು. ಶೆಡ್ಡು, ಕಂಪನಿ, ಅಮ್ಮ ಅಗಲ ಮಾಡಿದ ಬಾಗಿಲು, ಎಲ್ಲ ಆ ಹೆಂಗಸಿನ ಬಾಯಿಯ ಎರಡಕ್ಷರದಲ್ಲಿತ್ತು. ಕರಿಬಸಮ್ಮ ನನ್ನ ಹರಿದ ಮೊಣಕಾಲು ನೋಡಿದರು. ಯಾರು ಏನು ಕೇಳಿದರೂ ಇಲ್ಲ ಅನ್ನುವ ಅಭ್ಯಾಸ ಅವರಿಗಿರಲಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. "ಹೋಗ್ಲಿ ಬಿಡ್ರಿ, ಹುಡುಗನ ಬದುಕು ಐತೆ" ಅಂತ ಶುರು ಮಾಡಿ, "ಕೊ" ಅಂದರು.

"ಅಕ್ಕ, ಅನ್ನಬೇಡಿ" ಅಂದೆ.

ನಾನು ಧರ್ಮರಾಯನಾಗಿಬಿಟ್ಟೆ ಅಂತ ಯಾರೂ ತಿಳಿಯಬಾರದು. ಆ ಎರಡಕ್ಷರ ಬೀಳಲಿ ಅಂತ ನನ್ನ ಮೈಯ ಒಂದೊಂದು ರೋಮವೂ ಕಾಯುತ್ತಿತ್ತು. ಆದರೆ ಗೋಡೆಗೆ ಒರಗಿಸಿಟ್ಟ ಆ ಮಣೆ ನೆನಪಾಯಿತು, ನಾನು ಕುಣಿದದ್ದು ನೆನಪಾಯಿತು. ಬಾಯಿ ತಾನಾಗಿ ಅಂದುಬಿಟ್ಟಿತು. ಅಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳೋಣ ಅಂದರೆ ಅಮ್ಮ ಪಕ್ಕದಲ್ಲೇ ನಿಂತಿದ್ದಳು.

ಕರಿಬಸಮ್ಮ ಬಾಯಿ ಮುಚ್ಚಿದರು. ಯಂತ್ರದ ಹಾರ ತೆಗೆದು ಪಕ್ಕಕ್ಕಿಟ್ಟು, "ಸರಿ, ಕೊಡಲ್ಲ. ಇಸ್ಕೊಂಡು ಹೋಗು. ದಿನಾ ಬೆಳಿಗ್ಗೆ ಬಾ, ಹಿಂದಿನ ದಿನ ಏನಾತು ಅಂತ ಹೇಳು, ತಗೊಂಡು ಹೋಗು. ಸಂಜೆ ತಾನೇ ಬರ್ತೈತೆ" ಅಂದರು. ಆಮೇಲೆ ಸಾಹುಕಾರರ ಕಡೆ ತಿರುಗಿ, "ಯಂತ್ರ ನಂದು ಅಂದ್ರೆ ಅದರ ಪಕ್ಕದ ಮಣೆನೂ ನಂದೇ ಅಲ್ಲೇನ್ರಿ?" ಅಂತ ಕೇಳಿದರು. ಕೊಟ್ರೇಶಪ್ಪ ಕೆಮ್ಮುತ್ತಾ ತಲೆಯಾಡಿಸಿದರು. ಕಾಗದ ಕಟ್ಟೆಯ ಮೇಲೇ ಬಿಚ್ಚಿ, ಮೂರು ಸಹಿಗಳ ಮೇಲೆ ನಾಲ್ಕನೆಯ ಹೆಸರು ಬರೆದೆವು. ಕೆಳಗೆ ಜಾಗ ಇರಲಿಲ್ಲ, ಅದಕ್ಕೇ ಮೇಲೆ. ಮೇಡಂ ನಾಲ್ಕು ಕೈ ಜೋಡಿಸುವ ಬಗ್ಗೆ ಅಲ್ಲೇ ಒಂದು ಸಣ್ಣ ಭಾಷಣ ಮಾಡಿದರು. ಜೇನಿನವರು ಇನ್ನೂ ಕಾಯುತ್ತಿದ್ದಾರೆ.

ಎಲ್ಲರೂ ಹೋದ ಮೇಲೆ ನಾನು ಕಟ್ಟೆಯ ಮೇಲೆ ಕೂತೆ. "ಅಕ್ಕ, ಅವತ್ತು ಹಸಿ ಅಕ್ಕಿಗೆ ಹದ ಅಂದಿರಲ್ಲ, ಯಾಕೆ?" ಅಂತ ಕೇಳಿದೆ. ಅವರು ಪಾತ್ರೆ ತಿಕ್ಕುತ್ತಲೇ ಇದ್ದರು. ಮತ್ತೆ ಕೇಳಿದೆ. ಆಗ ತಿರುಗಿ, "ಈ ಕಡೆ ಬಂದು ಹೇಳಪ್ಪ. ಬಲಗಿವಿ ಹೋಗಿ ಒಂದು ವರ್ಷ ಆತು. ಎಡದ್ದಕ್ಕೂ ಈಗ ಗೊಣಗೋದು ಯಾವ್ದು, ಮಾತಾಡೋದು ಯಾವ್ದು ತಿಳಿಯಲ್ಲ, ಅವತ್ತು ಅಂದಾಜಿಗೆ ಅಂದೆ. ಭಟ್ಟಿ ಸದ್ದು, ಇಪ್ಪತ್ತೆರಡು ವರ್ಷ" ಅಂದರು. ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮಣೆ ಹೋಗುತ್ತದೆ ಅಂತ ಅವರು ಹೇಳಿರಲಿಲ್ಲ.

ಮರುವಾರ ವಾಗೀಶ ಅದೇ ಜಾತಿಯ ಮೈಕಿನಿಂದ ಕಿವಿಗೆ ಇಡುವ, ಅಡಿಕೆ ಗಾತ್ರದ ಒಂದು ಸಣ್ಣ ಯಂತ್ರ ಮಾಡಿದ. ಅದರ ಸಾಮಾನೆಲ್ಲ ನಾನು ನನ್ನ ಕೈಯಾರೆ ಕೊಂಡು ತಂದದ್ದು, ಕಟ್ಟಿದ್ದಕ್ಕೆ ವಾಗೀಶ "ಕೊಟ್ಟೆ" ಅಂದಿದ್ದ. ಅದನ್ನು ತೆಗೆದುಕೊಂಡು ಹೋಗಿ, ಕರಿಬಸಮ್ಮನ ಕಿವಿಗೆ ಇಟ್ಟೆ. ಒಂದು ಹಿಡಿ ಅಕ್ಕಿ ತಗಡಿನ ಮೇಲೆ ಬಿಟ್ಟೆ. ಅವರು ಕಣ್ಣು ಮುಚ್ಚಿದರು, ಇನ್ನೊಂದು ಸಲ ಬಿಡು ಅಂದರು. ಹತ್ತು ಸಲ ಬಿಟ್ಟೆ. ನಾನು "ಕೊಟ್ಟೆ" ಅನ್ನಲು ಬಾಯಿ ತೆಗೆದಾಗ ಅವರು ಕೈ ಅಡ್ಡ ಹಿಡಿದರು. "ಅನ್ನಬ್ಯಾಡ. ನಾನೂ ಇಸ್ಕೊಂತೀನಿ. ಬೆಳಿಗ್ಗೆ ನೀನು ಯಂತ್ರಕ್ಕೆ ಬರುವಾಗ ತಗೊಂಡು ಬಾ. ಇಲ್ಲಾಂದ್ರೆ ನೀನು ಮತ್ತೆ ಬರೋನಲ್ಲ."

ಅವತ್ತು ಸಂಜೆ ನಾನು ಮನೆಯಲ್ಲಿದ್ದೆ. ಅಮ್ಮ ಎಂದಿನಂತೆ ಆರು ಗಂಟೆಗೆ ಬಾಗಿಲು ತೆಗೆದು ಪಕ್ಕಕ್ಕೆ ನಿಂತಳು. ಎದುರು ಮನೆಯ ಜರಡಿ ಹೊರಟುಹೋಯಿತು. ಬೀದಿಯಲ್ಲಿ ನಮ್ಮ ದೊಡ್ಡ ಯಂತ್ರ ಕರಿಬಸಮ್ಮನ ಮನೆಯ ಕಡೆ ತೆವಳಿಕೊಂಡು ಹೋಯಿತು. ಅದರ ಎದುರಿನಿಂದ ಅಡಿಕೆಯಷ್ಟು ದೊಡ್ಡದೊಂದು ಉರುಳಿಕೊಂಡು ಬಂದು, ನಮ್ಮ ಮೆಟ್ಟಿಲು ಎರಡು ಸಲ ಹತ್ತಿ ಎರಡು ಸಲ ಬಿದ್ದು, ಮೂರನೆಯ ಸಲ ಹೊಸ್ತಿಲು ದಾಟಿತು.

ಅಮ್ಮ ಬಾಗಿಲು ಹಾಕಲಿಲ್ಲ. ಬಗ್ಗಿ ಅದನ್ನು ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ನಮ್ದೇ ಏನೋ?" ಅಂತ ಕೇಳಿದಳು.

"ನಮ್ದೇ ಅಮ್ಮ" ಅಂದೆ. ಅದನ್ನು ಹೇಳುವಾಗ ಮಾತ್ರ ನನಗೆ ಬೇರೆ ಏನನ್ನೂ ಸೇರಿಸಬೇಕು ಅನ್ನಿಸಲಿಲ್ಲ.